ಚಿರೆಕಲ್ಲಿನ ನೆಲದಲ್ಲಿ ಆದಿಮಾನವರ ಮೂಳೆ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಆದಿಮಾನವರ ಮೂಳೆ ಸಿಕ್ಕಿತು ಅಂತ ಪೇಪರಿನಲ್ಲಿ ಬಂದಾಗಲೆಲ್ಲ ಅದು ಇಥಿಯೋಪಿಯಾನೋ ಕೀನ್ಯಾನೋ ಆಗಿರುತ್ತದೆ. ನಮ್ಮಲ್ಲೂ ಬಾವಿ ತೋಡುತ್ತಾರೆ, ಚಿರೆಕಲ್ಲು ಕಡಿಯುತ್ತಾರೆ, ಒಂದು ಹಲ್ಲೂ ಸಿಕ್ಕಿದ್ದು ಕೇಳಿಲ್ಲ. ಆಗ ಇಲ್ಲಿ ಜನರೇ ಇರಲಿಲ್ವಾ?
– ಕಾಲೇಜು ವಿದ್ಯಾರ್ಥಿ, ಕುಮಟಾ

ಉತ್ತರ: ಮೂಳೆ ಸಿಕ್ಕಿಲ್ಲ ಅಂದ ಮಾತ್ರಕ್ಕೆ ಜನ ಇರಲಿಲ್ಲ ಅನ್ನೋಕೆ ಬರುವುದಿಲ್ಲ. ಮೂಳೆ ಕಲ್ಲಾಗಿ ಉಳಿಯಬೇಕಾದರೆ ಅದು ಬೇಗ ಹೂತುಹೋಗಬೇಕು, ಮಣ್ಣಿನಲ್ಲಿ ಹುಳಿ ಇರಬಾರದು. ನಿಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಹೊಡೆದು, ಸುಣ್ಣದ ಅಂಶವೆಲ್ಲ ತೊಳೆದುಹೋಗಿ, ಕಬ್ಬಿಣ ಉಳಿದು ಕೆಂಪಾದ ಚಿರೆಕಲ್ಲಿನ ನೆಲ ಅದು. ಶಿರಸಿಯ ಅಡಿಕೆ ತೋಟಕ್ಕೆ ಸುಣ್ಣ ಹಾಕುವುದು ಈ ಹುಳಿ ತಗ್ಗಿಸೋಕೇ ಅಲ್ವಾ? ಮೂಳೆಯಲ್ಲಿರುವುದೂ ಕ್ಯಾಲ್ಸಿಯಂ. ಅಂಥ ಮಣ್ಣಿನಲ್ಲಿ ಕರಗಿಹೋಗುತ್ತದೆ.

ಪೂರ್ವ ಆಫ್ರಿಕಾದಲ್ಲಿ ನೆಲವೇ ಸೀಳುತ್ತಿದೆ. ಕೆರೆಯ ಕೆಸರು, ಜ್ವಾಲಾಮುಖಿಯ ಬೂದಿ ಪದರ ಪದರವಾಗಿ ಮೂಳೆಯನ್ನು ಮುಚ್ಚಿದವು, ಆಮೇಲೆ ಹಳ್ಳಗಳು ಕೊರೆದು ಅದನ್ನು ಹೊರಗೆ ಹಾಕಿದವು. 1974ರಲ್ಲಿ ಇಥಿಯೋಪಿಯಾದ ಹದಾರ್‌ನಲ್ಲಿ ವಿಜ್ಞಾನಿ ಡೊನಾಲ್ಡ್ ಜೊಹಾನ್ಸನ್ ತಂಡಕ್ಕೆ ಸಿಕ್ಕ, ಲೂಸಿ ಅಂತ ಹೆಸರಿಟ್ಟ ಆದಿಮಾನವ ಹೆಣ್ಣಿನದು ಸುಮಾರು 32 ಲಕ್ಷ ವರ್ಷ ಹಳೆಯ ಮೂಳೆಗಳು, ಅಸ್ಥಿಪಂಜರದ ಶೇ. 40ರಷ್ಟು. ವಯಸ್ಸು ತಿಳಿಯೋದೂ ಬೂದಿಯಿಂದಲೇ. ಅದರಲ್ಲಿರುವ ಒಂದು ಬಗೆಯ ಪೊಟ್ಯಾಸಿಯಂ ಗೊತ್ತಾದ ವೇಗದಲ್ಲಿ ಆರ್ಗಾನ್ ಆಗುತ್ತಾ ಹೋಗುತ್ತದೆ, ಅದನ್ನು ಅಳೆಯುತ್ತಾರೆ.

ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಮೂಳೆಯಲ್ಲ, ಟಾಂಜಾನಿಯಾದ ಲೇಟೋಲಿಯ ಹೆಜ್ಜೆಗುರುತು. ಸುಮಾರು 36 ಲಕ್ಷ ವರ್ಷದ ಹಿಂದೆ ಬೂದಿ ಬಿತ್ತು, ಮಳೆಗೆ ನೆನೆಯಿತು, ಅದರ ಮೇಲೆ ಕೆಲವರು ನಡೆದುಹೋದರು, ಒಣಗಿ ಗಟ್ಟಿಯಾಯಿತು, ಮೇಲೆ ಮತ್ತೆ ಬೂದಿ ಬಿತ್ತು. ಹಿಮ್ಮಡಿ ಆಳಕ್ಕೆ ಊರಿದೆ, ಹೆಬ್ಬೆರಳು ನಮ್ಮದರಂತೆ ಮುಂದಕ್ಕೇ ಇದೆ, ಮರ ಹಿಡಿಯುವಂತೆ ಪಕ್ಕಕ್ಕೆ ಚಾಚಿಲ್ಲ. ಮಿದುಳು ಇನ್ನೂ ಚಿಕ್ಕದಿದ್ದ ಕಾಲದಲ್ಲೇ ಎರಡು ಕಾಲಿನ ನಡಿಗೆ ಬಂದಿತ್ತು!

ಭಾರತಕ್ಕೂ ಪಾಲಿದೆ. 1982ರಲ್ಲಿ ಮಧ್ಯಪ್ರದೇಶದ ಹಥ್ನೋರಾದಲ್ಲಿ, ನರ್ಮದೆಯ ದಂಡೆಯಲ್ಲಿ, ಭೂವಿಜ್ಞಾನಿ ಅರುಣ್ ಸೋನಾಕಿಯಾ ಆದಿಮಾನವರ ತಲೆಬುರುಡೆಯ ಒಂದು ಭಾಗ ಕಂಡರು. ನಮ್ಮ ಯಾದಗಿರಿಯ ಇಸಾಂಪುರದಲ್ಲಿ ಆದಿಮಾನವರು ಮಾಡಿದ ಕಲ್ಲಿನ ಕೊಡಲಿಗಳಿವೆ, ಸುಮಾರು 12 ಲಕ್ಷ ವರ್ಷದವು. ಮಾಡಿದವರ ಮೂಳೆ ಅಲ್ಲೂ ಸಿಕ್ಕಿಲ್ಲ, ಕಲ್ಲು ಉಳಿದಿದೆ. ಹಾಗಾಗಿ ನಿಮ್ಮೂರಲ್ಲೂ ಮೂಳೆಗಿಂತ ಕಲ್ಲು ನೋಡಿ. ಅಂಚು ಕೆತ್ತಿದಂಥ ಕಲ್ಲು ಕಂಡರೆ ಕೀಳಬೇಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಜಾಗ ಮತ್ತು ಆಳ ಬರೆದಿಟ್ಟು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವ ವಿಭಾಗದವರಿಗೆ ತೋರಿಸಿ.