ಉತ್ಸವದಿಂದ ಒಂಟಿಯಾಗಿ ಮರಳಿದವರಿಗೆ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಹಳ್ಳಿಯವನು, ಹಲವು ವರ್ಷಗಳಿಂದ ಕತೆ ಬರೆಯುತ್ತಿದ್ದೇನೆ. ಈಚೆಗೆ ಮೂರು ದಿನ ರಜೆ ಹಾಕಿ ಕರ್ನಾಟಕದ ಸಾಹಿತ್ಯೋತ್ಸವವೊಂದಕ್ಕೆ ಹೋಗಿದ್ದೆ. ಗೋಷ್ಠಿಗಳು ಚೆನ್ನಾಗಿದ್ದವು, ಆದರೆ ಬರವಣಿಗೆಯ ಕುರಿತು ಯಾರೊಡನೆಯೂ ಮನಬಿಚ್ಚಿ ಮಾತಾಡಲಾಗಲಿಲ್ಲ. ಪರಿಚಯವಾದವರೆಲ್ಲ ‘ಕಾಸರಗೋಡಿನಲ್ಲಿ ಈಗಲೂ ಕನ್ನಡ ಇದೆಯೇ?’ ಎಂದು ಕೇಳಿ ಮುಂದೆ ಹೋದರು. ಇಂಥಲ್ಲಿ ಬರಹಗಾರ ಗೆಳೆಯರನ್ನು ಸಂಪಾದಿಸುವುದು ಹೇಗೆ?

ಉತ್ತರ: ಆ ಪ್ರಶ್ನೆ ನಿಮ್ಮನ್ನು ನೋಯಿಸಿದ್ದು ಸಹಜ. 1948ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಕಾಸರಗೋಡಿನಲ್ಲಿ. ನಿಮ್ಮ ಸೀಮೆಯ ಕವಿಗಳೇ ಆದ ಮಂಜೇಶ್ವರದ ಗೋವಿಂದ ಪೈಗಳು 1951ರ ಮುಂಬೈ ಸಮ್ಮೇಳನಕ್ಕೂ ಕಯ್ಯಾರ ಕಿಞ್ಞಣ್ಣ ರೈಗಳು 1997ರ ಮಂಗಳೂರು ಸಮ್ಮೇಳನಕ್ಕೂ ಅಧ್ಯಕ್ಷರಾಗಿದ್ದರು. ಆದರೂ ಈ ಪಟ್ಟಿಯನ್ನು ಒಪ್ಪಿಸಲು ಹೋಗಬೇಡಿ. ಗಡಿನಾಡಿನ ಪ್ರತಿನಿಧಿಯಾಗಿ ಮಾತಿಗಿಳಿದರೆ ಎದುರಿಗಿರುವವರು ಸಹಾನುಭೂತಿ ತೋರಿಸುತ್ತಾರೆ, ಕಾಸರಗೋಡು ಕೇರಳಕ್ಕೆ ಸೇರಿಹೋದ 1956ರ ರಾಜ್ಯ ಪುನರ್ವಿಂಗಡಣೆಯನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ, ನಿಮ್ಮ ಕತೆಯ ವಿಷಯ ಮಾತ್ರ ಅಲ್ಲಿ ಬರುವುದೇ ಇಲ್ಲ. ‘ಇದೆ, ನಾನು ಅದರಲ್ಲೇ ಕತೆ ಬರೆಯುತ್ತೇನೆ, ನೀವು ಏನು ಬರೆಯುತ್ತಿದ್ದೀರಿ?’ ಎಂದು ಕೇಳಿಬಿಡಿ. ತಾನು ಬರೆಯುತ್ತಿರುವುದರ ಬಗ್ಗೆ ಯಾರಾದರೂ ಕೇಳಲಿ ಎಂದು ಕಾಯದ ಬರಹಗಾರರನ್ನು ನಾನಂತೂ ಕಂಡಿಲ್ಲ.

ವೇದಿಕೆಯ ಮುಂದೆ ಗೆಳೆತನ ಬೆಳೆಯುವುದು ಅಪರೂಪ. ನಾನು ಮೊದಲ ಸಲ ಇಂಥ ಉತ್ಸವಕ್ಕೆ ಹೋದಾಗ ಎರಡು ದಿನ ಪ್ರಸಿದ್ಧರ ಹಿಂದೆ ಸುತ್ತಿ ನಾಲ್ಕು ಹಸ್ತಾಕ್ಷರಗಳನ್ನಷ್ಟೇ ಸಂಪಾದಿಸಿದೆ. ಮೂರನೆಯ ದಿನ ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರ ಕಂಕುಳಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಇನ್ನೂರು ಪುಟದ ನೋಟ್‌ಬುಕ್ ಇತ್ತು; ಸಾರು ಬಡಿಸಿಕೊಳ್ಳುವಾಗ ಅದು ಜಾರಿತು, ನಾನು ಹಿಡಿದೆ. ಪುಟದ ತುಂಬ ಹೊಡೆದುಹಾಕಿದ ಸಾಲುಗಳು. ‘ಕೊನೆ ಕೂಡಿಬರುತ್ತಿಲ್ಲ’ ಎಂದರು. ತಟ್ಟೆ ಒಣಗುವವರೆಗೂ ನಾವು ಆ ಕೊನೆಯ ಬಗ್ಗೆಯೇ ಮಾತಾಡಿದೆವು. ಇವತ್ತಿಗೂ ನನ್ನ ಕರಡನ್ನು ಮೊದಲು ಓದುವವರು ಅವರೇ.

ಆದ್ದರಿಂದ ಮುಂದಿನ ಸಲ ಎಲ್ಲ ಗೋಷ್ಠಿಗಳಿಗೂ ಓಡಾಡಬೇಡಿ. ಒಂದೆರಡನ್ನು ಬಿಟ್ಟು ಪುಸ್ತಕ ಮಳಿಗೆಯ ಬಳಿ, ಚಹಾದ ಮೇಜಿನ ಬಳಿ ನಿಲ್ಲಿ. ಕವಿಗೋಷ್ಠಿಯಲ್ಲಿ ಒಂದು ಕವಿತೆ ಹಿಡಿಸಿದರೆ ‘ಚೆನ್ನಾಗಿತ್ತು’ ಎನ್ನುವ ಬದಲು ಹಿಡಿಸಿದ ಸಾಲು ಯಾವುದೆಂದು ಹೇಳಿ. ಊರಿಗೆ ಮರಳಿದ ವಾರದೊಳಗೆ ಅವರದೊಂದು ಬರಹವನ್ನು ಹುಡುಕಿ ಓದಿ ಪತ್ರ ಬರೆಯಿರಿ. ನಿಮ್ಮ ಕತೆಯನ್ನು ಅದೇ ಪತ್ರದ ಜೊತೆಗೆ ಕಳುಹಿಸಬೇಡಿ, ಅದು ಸಾಲ ವಸೂಲಿಯಂತೆ ಕಾಣುತ್ತದೆ.

ಇನ್ನು, ವರ್ಷಕ್ಕೆ ಮೂರು ದಿನದ ಉತ್ಸವದಿಂದ ಉಳಿದ ದಿನಗಳ ಒಂಟಿತನ ನೀಗದು. ಕೇರಳದ ಹಳ್ಳಿಗಳಲ್ಲಿರುವಷ್ಟು ಗ್ರಂಥಾಲಯಗಳು ಬೇರೆಡೆ ವಿರಳ. ನಿಮ್ಮ ಹತ್ತಿರದ ವಾಚನಾಲಯದಲ್ಲಿ, ಮಲಯಾಳಿಗಳು ವಾಯನಶಾಲೆ ಎನ್ನುವಲ್ಲಿ, ತಿಂಗಳಿಗೊಂದು ಭಾನುವಾರ ಕೋಣೆ ಕೇಳಿ ನೋಡಿ. ಮೂರು ನಾಲ್ಕು ಜನ ಸಾಕು. ಕತೆಯ ನಕಲು ಸಭೆಗೆ ಒಂದು ವಾರ ಮೊದಲೇ ಎಲ್ಲರ ಕೈಸೇರಲಿ, ಚರ್ಚೆ ನಡೆಯುವಾಗ ಬರೆದವರು ಬಾಯಿ ತೆರೆಯದಿರಲಿ. ಈ ಎರಡನೆಯದು ಕಷ್ಟ, ಆದರೆ ಅದನ್ನು ಬಿಟ್ಟರೆ ಸಭೆ ಸಮರ್ಥನೆಯಲ್ಲೇ ಮುಗಿಯುತ್ತದೆ. ತುಳುವಿನಲ್ಲೋ ಮಲಯಾಳದಲ್ಲೋ ಬರೆಯುವವರು ಬಂದರೆ ಅವರಿಗೂ ಜಾಗ ಕೊಡಿ. ಎರಡು ಮೂರು ಭಾಷೆಗಳನ್ನು ಕಿವಿಯಲ್ಲಿಟ್ಟುಕೊಂಡು ಬೆಳೆದ ನಿಮ್ಮ ಸೀಮೆಯವರಿಗೆ ಇದು ಹೊರೆಯಾಗದು. ಮುಂದಿನ ಉತ್ಸವಕ್ಕೆ ಅವರಲ್ಲೊಬ್ಬರನ್ನು ಕರೆದುಕೊಂಡೇ ಹೋಗಿ, ಗೋಷ್ಠಿಗಳನ್ನು ಹಂಚಿಕೊಂಡು ಕೇಳಿ, ಮರಳುವ ರೈಲಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳಿ.