ಸರ್ಕಾ ಅಥವಾ ಸೀಸರ್ಸ್: ನಿಮ್ಮ ಪ್ರಶ್ನೆಗೆ
ಲಾಸ್ ವೇಗಸ್‌ನಲ್ಲಿ ಪಂದ್ಯಗಳ ಮೇಲೆ ಬಾಜಿ ಕಟ್ಟಲು ಡೌನ್‌ಟೌನ್‌ನ ಕ್ಯಾಸಿನೊ ಹೋಟೆಲ್ ಸರ್ಕಾ ಲೇಸೋ, ಸದಸ್ಯತ್ವದ ಸವಲತ್ತುಗಳಿರುವ ಕ್ಯಾಸಿನೊ ಹೋಟೆಲ್ ಸೀಸರ್ಸ್ ಪ್ಯಾಲೇಸ್ ಲೇಸೋ ಎಂದು ಕೇಳಿದ್ದೀರಿ. ಪಂದ್ಯ ನೋಡುವ ಸೊಗಸಿಗಾದರೆ, 2020ರಲ್ಲಿ ತೆರೆದ ಸರ್ಕಾದ ಮೂರು ಅಂತಸ್ತಿನ ಬೆಟ್ಟಿಂಗ್ ಸಭಾಂಗಣಕ್ಕೇ ನನ್ನ ಮತ. ಆದರೆ 21 ವರ್ಷ ತುಂಬದವರಿಗೆ ಆ ಹೋಟೆಲಿನಲ್ಲಿ ಪ್ರವೇಶವೇ ಇಲ್ಲವಾದ್ದರಿಂದ ಮಕ್ಕಳೊಂದಿಗೆ ಹೋಗುವವರು ಅದನ್ನು ಬಿಡಬೇಕಾಗುತ್ತದೆ. ಸೀಸರ್ಸ್‌ನ ಸದಸ್ಯತ್ವ ಯೋಜನೆಯಾದ ಸೀಸರ್ಸ್ ರಿವಾರ್ಡ್ಸ್‌ನ ಅಂಕಗಳು ಅದೇ ಸಂಸ್ಥೆಯ ಇತರ ಹೋಟೆಲುಗಳಲ್ಲೂ ಸಲ್ಲುತ್ತವೆ, ನಿಜ. ಆದರೂ ಅಂಕಗಳಿಗಿಂತ ದರವನ್ನು ನೋಡಿ: 100 ಡಾಲರ್ ಗೆಲ್ಲಲು 110 ಕಟ್ಟಬೇಕಾದ ಸಾಮಾನ್ಯ ದರದಲ್ಲಿ ಶೇ. 52.4ರಷ್ಟು ಬಾಜಿಗಳನ್ನು ಗೆದ್ದರಷ್ಟೇ ಅಸಲು ಉಳಿಯುತ್ತದೆ. 105 ಸಾಕೆನ್ನುವ ಕೌಂಟರ್ ಸಿಕ್ಕರೆ ಶೇ. 51.2 ಸಾಕು, ಮತ್ತು ಈ ಅಂತರವನ್ನು ಉಚಿತ ಪಾನೀಯದ ಚೀಟಿ ತುಂಬಿಕೊಡುವುದು ಅಪರೂಪ. ಲಾಸ್ ವೇಗಸ್ ಇರುವ ನೆವಾಡ ರಾಜ್ಯದಲ್ಲಿ ಮೊಬೈಲ್ ಬೆಟ್ಟಿಂಗ್ ಖಾತೆಗೂ ಕ್ಯಾಸಿನೊಗೆ ಖುದ್ದಾಗಿ ಹೋಗಿ ನೋಂದಾಯಿಸಬೇಕಾದ್ದರಿಂದ ಪಾಸ್‌ಪೋರ್ಟ್ ಜೊತೆಗಿರಲಿ.