ಖುಷಿಗೆ ಓದುವುದು ತಪ್ಪಲ್ಲ, ಟೀಚರ್

ಪ್ರೀತಿಯ ಟೀಚರ್, ನಮಸ್ಕಾರ.

ನಿಮ್ಮ ಪತ್ರ ಹೋದ ವಾರ ಬಂತು. ಬ್ರಹ್ಮಾವರದ ಮಳೆಗೆ ಲಕೋಟೆಯ ಒಂದು ಮೂಲೆ ನೆನೆದು ಹೋಗಿತ್ತು. ಒಳಗಿನ ಅಕ್ಷರ ಮಾತ್ರ ಬೋರ್ಡಿನ ಮೇಲೆ ಬರೆದಷ್ಟು ಸ್ಪಷ್ಟ. ಉಳಿದ ಓದುಗರಿಗಾಗಿ ಅದರ ಸಾರ ಹೇಳುತ್ತೇನೆ. ಮೊದಲೆಲ್ಲ ಈ ಪುಟದಲ್ಲಿ ನಾನು ಓದಿದ ಕಥೆ, ಕಾದಂಬರಿಗಳ ಬಗ್ಗೆ ಬರೆಯುತ್ತಿದ್ದೆ. ಈಚೆಗೆ ಬೀಡಿ ಕಟ್ಟುವವರು, ನಮ್ಮ ಕರಾವಳಿಯ ಬುಡಕಟ್ಟು ಜನರಾದ ಕೊರಗರ ಕಾಲೊನಿ, ಇದೇ ಜಾಸ್ತಿಯಾಗಿದೆ. ಸುಮ್ನೆ ಖುಷಿಗೆ ಓದುವುದನ್ನು ಬಿಟ್ಟಿರಾ ಅಂತ ನೀವು ಕೇಳಿದ್ದೀರಿ. ಕೊನೆಯಲ್ಲಿ ಒಂದು ಸಾಲು: "ಊಟ ಮುಗಿಸಿ ಕಾದಂಬರಿ ಹಿಡಿದು ಕೂತರೆ, ಹೊರಗೆ ಇಷ್ಟು ಅನ್ಯಾಯ ಇರುವಾಗ ಇದು ತಪ್ಪಲ್ವಾ ಅನ್ನಿಸುತ್ತದೆ."

ಬಿಟ್ಟಿಲ್ಲ ಟೀಚರ್. ರಾತ್ರಿ ಮಲಗುವ ಮುಂಚೆ ಹತ್ತಿಪ್ಪತ್ತು ಪುಟ ಆಗಲೇಬೇಕು. ಆದರೆ ನಿಮ್ಮ ಕೊನೆಯ ಸಾಲಿಗೆ ಉತ್ತರ ಕೊಡಬೇಕಾದರೆ ನಮ್ಮ ಮನೆಯ ಜಗಲಿಗೆ ಹೋಗಬೇಕು.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಮಂಗಳೂರಿನ ಹೊರಗಿನ ನಮ್ಮ ಊರಲ್ಲಿ ಆಗ ಬೀಡಿ ಕಟ್ಟದ ಮನೆ ಕಡಿಮೆ. ಎಲೆ ನೀರಲ್ಲಿ ನೆನೆಸಿ, ಅಳತೆಗೆ ಕತ್ತರಿಸಿ ಇಟ್ಟಿರುತ್ತಿದ್ದರು. ಮಧ್ಯಾಹ್ನದ ಮೇಲೆ ನಾಲ್ಕೈದು ಹೆಂಗಸರು ತಡ್ಪೆ, ಅಂದರೆ ಮೊರ, ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಸಾಲಾಗಿ ಕೂರುವರು. ಎಲೆಯ ಮೇಲೆ ಚಿಟಿಕೆ ಹೊಗೆಸೊಪ್ಪಿನ ಪುಡಿ, ಬೆರಳಲ್ಲಿ ಒಂದು ಸುತ್ತು, ತುದಿ ಮಡಚಿ ನೂಲು. ಇಪ್ಪತ್ತೈದಾದರೆ ಒಂದು ಕಟ್ಟು. ಕೈಗೆ ಪುರುಸೊತ್ತಿಲ್ಲ, ಕಿವಿಗೆ ಇತ್ತು. ಹಾಗಾಗಿ ಶಾಲೆಯಿಂದ ಬಂದ ನನಗೆ ಒಂದು ಕೆಲಸ. ಯಾವ ಪತ್ರಿಕೆ ಸಿಕ್ಕಿದರೂ ಅದರ ಧಾರಾವಾಹಿಯನ್ನು ಗಟ್ಟಿಯಾಗಿ ಓದುವುದು.

1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಬರುತ್ತಿತ್ತು. ಅಪ್ಪನ ಹಟಕ್ಕೆ ಗಂಡನಿಂದ ದೂರವಾಗಿ, ಬಲವಂತದ ತಲಾಖಿಗೆ ಸಿಕ್ಕಿ, ಕೊನೆಗೆ ಮಸೀದಿಯ ಕೊಳಕ್ಕೆ ಇಳಿಯುವ ನಾದಿರಾಳ ಕಥೆ ಅದು. ಆ ಕೊನೆಯ ಭಾಗ ಓದಿದ ದಿನ ಜಗಲಿಯಲ್ಲಿ ಒಂದು ಕೈಯೂ ಆಡಲಿಲ್ಲ. ಆಚೆಮನೆಯ ಬ್ಯಾರಿ ಮುಸ್ಲಿಂ ಹೆಂಗಸು ಸೆರಗಲ್ಲಿ ಮುಖ ಒರೆಸಿಕೊಂಡರು. "ಇವಳು ಯಾಕೆ ಸಾಯಬೇಕು?" ಅಂತ ಅಮ್ಮ ಕೇಳಿದರು, ನನ್ನನ್ನೇ, ನಾನೇ ಬರೆದ ಹಾಗೆ. ಆಮೇಲೆ ಮಾತು ಶುರುವಾಯಿತು. ಒಬ್ಬರ ತಂಗಿಯ ಮದುವೆ, ಇನ್ನೊಬ್ಬರ ಗಂಡನ ಕುಡಿತ. ಅಲ್ಲಿಂದ ಮಾತು ಬೀಡಿಯ ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿ ಒಪ್ಪಿಸುವ ಜಾಗಕ್ಕೆ, ಬಂತು. ಕಟ್ಟು ಬಿಚ್ಚಿ, ಬೀಡಿ ಸರಿ ಇಲ್ಲ ಅಂತ ಅಲ್ಲಿ ಒಂದಿಷ್ಟು ತೆಗೆದಿಡುತ್ತಿದ್ದರು. ತೆಗೆದಿಟ್ಟದ್ದಕ್ಕೆ ಮಜೂರಿ ಇಲ್ಲ, ಬೀಡಿ ವಾಪಸೂ ಇಲ್ಲ. ಅಷ್ಟು ವರ್ಷ ಒಬ್ಬೊಬ್ಬರೇ ನುಂಗಿಕೊಂಡಿದ್ದರು. ಅವತ್ತು ಮೊದಲ ಸಲ ಎಲ್ಲರೂ ಒಟ್ಟಿಗೆ ಕೂತು ಲೆಕ್ಕ ಹಾಕಿದರು.

ಅವರು ಓದು ಕೇಳಿದ್ದು ಖುಷಿಗೇ, ಟೀಚರ್. ಅರಿವು ಮೂಡಲಿ ಅಂತ ಯಾರೂ ಕೂತಿರಲಿಲ್ಲ. ಮುಂದೇನಾಯಿತು ಅನ್ನುವ ಕುತೂಹಲ ಅಷ್ಟೇ. ನನ್ನ ಎರಡೂ ಆಸಕ್ತಿಗಳು ಹುಟ್ಟಿದ್ದು ಅದೇ ಜಗಲಿಯಲ್ಲಿ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದೆ ಅಂತ ನನಗೆ ಅನ್ನಿಸುವುದೇ ಇಲ್ಲ.

ಈಚೆಗೆ ‘ಇಂದಿರಾಬಾಯಿ’ ಮತ್ತೆ ಓದಿದೆ. ಪೊಲೀಸ್ ಇಲಾಖೆಯಲ್ಲಿದ್ದ ಗುಲ್ವಾಡಿ ವೆಂಕಟರಾಯರು ಬರೆದದ್ದು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಎಳೆ ವಯಸ್ಸಿನ ವಿಧವೆಯೊಬ್ಬಳು ಓದಿ, ಮತ್ತೆ ಮದುವೆಯಾಗುವ ಕಥೆ. ಅದಕ್ಕೆ ಎರಡೇ ವರ್ಷ ಮೊದಲು, 1897ರಲ್ಲಿ, ಇದೇ ಊರಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳ ಓದಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದರು. ಅದಕ್ಕಾಗಿ ಸ್ವಂತ ಜಾತಿಯವರಿಂದಲೇ ಬಹಿಷ್ಕಾರ ಉಂಡರು. ಈಗ ಪುರಭವನಕ್ಕೆ ಅವರ ಹೆಸರಿದೆ. ಕಾದಂಬರಿಯ ಪುಟ ತಿರುಗಿಸುವಾಗ ಆ ಶಾಲೆಯ ಮಕ್ಕಳು ನನ್ನ ಕಣ್ಣ ಮುಂದೆ ಬರುತ್ತಿದ್ದರು.

ಕೊರಗರ ವಿಷಯಕ್ಕೆ ಬರುತ್ತೇನೆ. ಅಜಲು ಅನ್ನುವ ಅಸ್ಪೃಶ್ಯತೆಯ ಪದ್ಧತಿಯ ಹೆಸರಲ್ಲಿ ಅವರಿಗೆ ಕೂದಲು, ಉಗುರು ಬೆರೆಸಿದ ಅನ್ನ ಕೊಡುತ್ತಿದ್ದರು. ಅದನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ ಬಂದದ್ದು 2000ದಲ್ಲಿ. ನಾನು ನೀವೆಲ್ಲ ಆಗ ದೊಡ್ಡವರೇ, ಅಲ್ವಾ? ಇದು ನನ್ನನ್ನು ನಿದ್ದೆಗೆ ಬಿಡುವುದಿಲ್ಲ. ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಅವರ ಬಗ್ಗೆ ನಾವು ಬರೆದದ್ದೇ ಜಾಸ್ತಿ, ಅವರೇ ಬರೆದದ್ದು ಈ ಪತ್ರಿಕೆಯಲ್ಲಿ ತೀರಾ ಕಡಿಮೆ. ಅವರಲ್ಲಿ ಓದಿದ ಯುವಕ ಯುವತಿಯರಿದ್ದಾರೆ, ಬರೆಯುವವರಿದ್ದಾರೆ. ಮುಂದಿನ ತಿಂಗಳಿಂದ ಅವರಿಗೆ ಎರಡು ಪುಟ ಮೀಸಲು. ಕಷ್ಟದ ಕಥೆಯನ್ನೇ ಬರೆಯಬೇಕು ಅಂತಿಲ್ಲ. ಪ್ರೀತಿ, ಕ್ರಿಕೆಟ್, ಅಜ್ಜಿಯ ಅಡುಗೆ, ಅವರಿಗೆ ಇಷ್ಟವಾದದ್ದನ್ನು ಬರೆಯಲಿ.

ಅಮ್ಮನಿಗೆ ಈಗ ಕಣ್ಣು ಮಂಜು. ಭಾನುವಾರ ಊರಿಗೆ ಹೋದಾಗ ಓದಿ ಹೇಳುತ್ತೇನೆ. ಬೀಡಿ ಬಿಟ್ಟು ಎಷ್ಟೋ ವರ್ಷವಾಯಿತು, ಕೇಳುತ್ತಾ ಕೇಳುತ್ತಾ ಸೆರಗಿನ ತುದಿಯನ್ನು ಬೆರಳಲ್ಲಿ ಸುತ್ತುತ್ತಿರುತ್ತಾರೆ. ಹೊಸ ಪುಸ್ತಕ ಹುಡುಕುತ್ತಿದ್ದೇನೆ. ನೀವು ಮಧ್ಯಾಹ್ನ ಹಿಡಿದು ಕೂರುವ ಕಾದಂಬರಿ ಯಾವುದು ಅಂತ ಬರೆದೇ ಇಲ್ಲ. ಒಂದು ಕಾರ್ಡ್ ಹಾಕಿ, ಟೀಚರ್.

ನಿಮ್ಮ,
ಸಂಪಾದಕ